ಕರೆಂಟ್ ಬಂತು, ವಿಳಾಸ ಬರಲಿಲ್ಲ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಊರುಗಳಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾಮೂಲಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನೆಲವಿದು, ಅದರಲ್ಲಿ ಬಹುಪಾಲು ಬೀಳುವುದು ನಾಲ್ಕೇ ತಿಂಗಳಲ್ಲಿ. ಕೊಲ್ಲೂರು, ಹೊಸಂಗಡಿ, ಅಮಾಸೆಬೈಲಿನಂಥ ಘಟ್ಟದ ಬುಡದ ಊರುಗಳಿಗೆ ವಿದ್ಯುತ್ ತಂತಿ ಕಾಡು ಸೀಳಿಕೊಂಡು ಬರಬೇಕು. ಕಡಲಂಚಿನ ಊರುಗಳಲ್ಲಿ ತೆಂಗಿನ ತೋಟಗಳ ನಡುವೆ ಹಾಯಬೇಕು. ಗಾಳಿಗೆ ಒಂದು ಕೊಂಬೆ ಮುರಿದರೂ ಸಾಕು, ಇಡೀ ಫೀಡರ್ ಕತ್ತಲಾಗುತ್ತದೆ. ಲೈನ್‌ಮನ್‌ಗಳು ಮಳೆಯಲ್ಲಿ ನೆನೆದು ಸರಿಪಡಿಸಿದ ಮೇಲೆ ದೀಪ ಹೊತ್ತುತ್ತದೆ, ಫ್ಯಾನು ತಿರುಗುತ್ತದೆ, ಕಂಪ್ಯೂಟರೂ ಆನ್ ಆಗುತ್ತದೆ. ಆದರೆ ನೆಟ್ ಮಾತ್ರ ಬರುವುದಿಲ್ಲ. ಆ ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಬೇರೊಂದು ಲಿನಕ್ಸ್ ಇದ್ದರಂತೂ ತೀರ್ಪು ಕೂಡಲೇ ಹೊರಬೀಳುತ್ತದೆ: ಲಿನಕ್ಸ್ ಸರಿಯಿಲ್ಲ, ತೆಗೆದು ವಿಂಡೋಸ್ ಹಾಕಿಸಿ. ಈ ತೀರ್ಪು ಬಹುತೇಕ ತಪ್ಪು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕಂಪ್ಯೂಟರೂ ಕೆಟ್ಟಿರುವುದಿಲ್ಲ, ಲಿನಕ್ಸೂ ಕೆಟ್ಟಿರುವುದಿಲ್ಲ. ಯಂತ್ರಗಳು ಒಂದಾದ ಮೇಲೊಂದು ಎಚ್ಚರಗೊಳ್ಳುವ ಸರದಿ ತಪ್ಪಿರುತ್ತದೆ ಅಷ್ಟೆ. ವಿಳಾಸ ಕೇಳಬೇಕಾದ ಯಂತ್ರ ಮೊದಲು ಎದ್ದು, ಕೇಳಿ ಕೇಳಿ ಸುಮ್ಮನಾಗಿರುತ್ತದೆ. ಕೊಡಬೇಕಾದ ಯಂತ್ರ ತಡವಾಗಿ ಎದ್ದಿರುತ್ತದೆ. ಇದನ್ನು ತಿಳಿಯದೆ ಮಾಡಿದ ರಿಪೇರಿ ಹಣ ತಿನ್ನುತ್ತದೆ, ದಿನ ತಿನ್ನುತ್ತದೆ, ಮುಂದಿನ ಸಲ ಕರೆಂಟ್ ಹೋದಾಗ ಅದೇ ತೊಂದರೆ ಮತ್ತೆ ಎದುರಾಗುತ್ತದೆ.

ವಿಳಾಸ ಕೇಳುವುದು, ಕೊಡುವುದು ಎಂದರೇನು ಎಂಬಲ್ಲಿಂದ ಶುರು ಮಾಡೋಣ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರಕ್ಕೂ 192.168.1.15 ಎಂಬಂಥ ಒಂದು ಐಪಿ ವಿಳಾಸ ಬೇಕು. ಹಿಂದೆ ಇದನ್ನು ಯಾರಾದರೂ ಕುಳಿತು ಪ್ರತಿ ಯಂತ್ರಕ್ಕೂ ಕೈಯಾರೆ ಬರೆಯಬೇಕಿತ್ತು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ಬೂಟ್‌ಪಿ ಎಂಬ ಪದ್ಧತಿ, ಯಂತ್ರ ತಾನೇ ವಿಳಾಸ ಕೇಳಿ ಪಡೆಯುವಂತೆ ಮಾಡಿತು. ಆದರೂ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಮನುಷ್ಯರೇ ಬರೆದಿಡಬೇಕಿತ್ತು. 1993ರಲ್ಲಿ ಡಿಎಚ್‌ಸಿಪಿ ಬಂದಾಗ ಆ ಪಟ್ಟಿಯ ಕೆಲಸವೂ ತಪ್ಪಿತು. ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಬರೆದ 1997ರ ಆರ್‌ಎಫ್‌ಸಿ 2131 ಎಂಬ ದಾಖಲೆಯೇ ಇಂದಿಗೂ ಅದರ ಆಧಾರ. ಇದರಲ್ಲಿ ನಡೆಯುವುದು ನಾಲ್ಕು ಮಾತಿನ ಸಂವಾದ. ಕಂಪ್ಯೂಟರ್ ಎದ್ದೊಡನೆ ‘ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೌಟರ್ ‘ಈ ವಿಳಾಸ ಖಾಲಿ ಇದೆ’ ಎನ್ನುತ್ತದೆ. ಕಂಪ್ಯೂಟರ್ ‘ಅದನ್ನೇ ಕೊಡಿ’ ಎನ್ನುತ್ತದೆ. ರೌಟರ್ ‘ಇಷ್ಟು ಹೊತ್ತಿಗೆ ಅದು ನಿನ್ನದು’ ಎಂದು ಖಚಿತಪಡಿಸುತ್ತದೆ. ವಿಳಾಸ ಸಿಗುವುದು ಗೊತ್ತಾದ ಅವಧಿಗೆ ಮಾತ್ರ. ನಮ್ಮ ಕರಾವಳಿಯ ಹಳೆಯ ಭೂ ಹಿಡುವಳಿಯ ಲೆಕ್ಕದಲ್ಲಿ ಹೇಳುವುದಾದರೆ ಇದು ಚಾಲಗೇಣಿ: ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು, ಇಲ್ಲವಾದರೆ ಒಡೆಯ ಬೇರೆಯವರಿಗೆ ಕೊಡಬಹುದು. ಅವಧಿ ಅರ್ಧ ಕಳೆಯುತ್ತಿದ್ದಂತೆ ಕಂಪ್ಯೂಟರ್ ನವೀಕರಣ ಕೇಳಲು ಆರಂಭಿಸುತ್ತದೆ.

ಕೇಳುವ ಯಂತ್ರ, ಕೊಡುವ ಯಂತ್ರ ಎರಡೂ ಎಚ್ಚರವಿದ್ದರೆ ಈ ಸಂವಾದ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಕರೆಂಟ್ ಮರಳಿದ ಹೊತ್ತಿನಲ್ಲಿ ಅವು ಒಟ್ಟಿಗೆ ಎಚ್ಚರಗೊಳ್ಳುವುದಿಲ್ಲ. ಎಸ್‌ಎಸ್‌ಡಿ ಹಾಕಿದ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಫೈಬರ್ ಬಾಕ್ಸ್ ಮತ್ತು ರೌಟರ್ ಪೂರ್ತಿ ಎಚ್ಚರಗೊಳ್ಳಲು ಒಂದೆರಡು ನಿಮಿಷವಾದರೂ ಬೇಕು, ಹಳೆಯದಾದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಬಂದು ಒಂದು ನಿಮಿಷಕ್ಕೆ ಮತ್ತೆ ಹೋಗಿ ಬರುವುದೂ ಉಂಟು. ಆಗ ರೌಟರ್ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ರೌಟರಿಗೆ ಕೊಡದಿದ್ದರೆ ಈ ಅಂತರ ಇನ್ನಷ್ಟು ಬೆಳೆಯುತ್ತದೆ. ಈಗ ಲಿನಕ್ಸಿನ ತಾಳ್ಮೆಯ ಲೆಕ್ಕ ನೋಡಿ. ಡೆಸ್ಕ್‌ಟಾಪ್ ಲಿನಕ್ಸ್‌ಗಳಲ್ಲಿ ಈ ಕೆಲಸ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶ, ನಾವು ಬದಲಿಸದಿದ್ದರೆ, ಒಂದು ಪ್ರಯತ್ನಕ್ಕೆ 45 ಸೆಕೆಂಡ್ ಕಾಯುತ್ತದೆ. ಹೀಗೆ ನಾಲ್ಕು ಸಲ ಸೋತರೆ 5 ನಿಮಿಷ ಸುಮ್ಮನಿರುತ್ತದೆ. ಕೂಡಿಸಿದರೆ ಸುಮಾರು 3 ನಿಮಿಷದ ಪ್ರಯತ್ನ, 5 ನಿಮಿಷದ ಮೌನ. ರೌಟರ್ ಆ ಮೌನದ ಹೊತ್ತಿನಲ್ಲಿ ಎದ್ದರೆ, ಪರದೆಯ ಮುಂದೆ ಕುಳಿತವರಿಗೆ ಎಲ್ಲ ದೀಪಗಳೂ ಹೊತ್ತಿದ್ದು ಕಾಣುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಎಂಟು ನಿಮಿಷ ತಾಳ್ಮೆಯಿಂದ ಕೂರುವವರು ಕಡಿಮೆ. ಅಷ್ಟರಲ್ಲಿ ಯಾರಿಗೋ ಫೋನ್ ಹೋಗಿರುತ್ತದೆ.

ಈ ವಾದಕ್ಕೆ ಬಲವಾದ ಸಾಕ್ಷಿ ಶಾಲೆ, ಕಾಲೇಜು, ಕಚೇರಿಗಳ ಜೋಡಣೆಯಲ್ಲೇ ಸಿಗುತ್ತದೆ. ರೌಟರಿಗೆ ನೇರವಾಗಿ ಕೇಬಲ್ ಹಾಕಿದ ಕಂಪ್ಯೂಟರ್ ಹೆಚ್ಚಾಗಿ ತಾನಾಗಿಯೇ ಸರಿಹೋಗುತ್ತದೆ. ಅದೇ ಕೋಣೆಯಲ್ಲಿ ಸಣ್ಣ ಸ್ವಿಚ್ಚಿನ ಮೂಲಕ ಹೋದ ಉಳಿದವು ಹಟ ಹಿಡಿಯುತ್ತವೆ. ಯಂತ್ರ ಒಂದೇ ಬಗೆಯದು, ಲಿನಕ್ಸ್ ಒಂದೇ ಆವೃತ್ತಿಯದು, ಆದರೂ ವರ್ತನೆ ಬೇರೆ. ಕಾರಣ ಸರಳ. ನೇರ ಕೇಬಲ್ ಇದ್ದಾಗ ರೌಟರ್ ಸತ್ತರೆ ಕೇಬಲ್ಲಿನ ಸಂಪರ್ಕವೂ ಸಾಯುತ್ತದೆ, ರೌಟರ್ ಎದ್ದರೆ ಸಂಪರ್ಕವೂ ಮರಳುತ್ತದೆ. ಸಂಪರ್ಕ ಮರಳಿದ್ದನ್ನು ಕಂಡ ಲಿನಕ್ಸ್ ಹೊಸದಾಗಿ ಕೇಳಲು ತೊಡಗುತ್ತದೆ. ನಡುವೆ ಸ್ವಿಚ್ ಇದ್ದರೆ ಅದು ಕರೆಂಟ್ ಬಂದ ಕೆಲವೇ ಸೆಕೆಂಡಿಗೆ ಎದ್ದು ಹಸಿರು ದೀಪ ತೋರಿಸುತ್ತದೆ. ಸ್ವಿಚ್ಚಿನ ಹಿಂದಿರುವ ರೌಟರ್ ಇನ್ನೂ ಎದ್ದಿಲ್ಲ ಎಂಬುದು ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಸಂಪರ್ಕ ಇದೆ ಎಂದು ನಂಬಿ ಕೇಳುತ್ತದೆ, ಉತ್ತರ ಸಿಗದೆ ಸೋಲುತ್ತದೆ, ಆಮೇಲೆ ರೌಟರ್ ಎದ್ದದ್ದೂ ಅದಕ್ಕೆ ತಿಳಿಯುವುದಿಲ್ಲ. ಲಿನಕ್ಸೇ ದೋಷಿಯಾಗಿದ್ದರೆ ನೇರ ಕೇಬಲ್ಲಿನ ಯಂತ್ರವೂ ಸೋಲಬೇಕಿತ್ತು. ದೊಡ್ಡ ಕಾಲೇಜುಗಳ ದುಬಾರಿ ಸ್ವಿಚ್ಚುಗಳಲ್ಲಿ ಇನ್ನೊಂದು ವಿಳಂಬವಿದೆ. ಕೇಬಲ್ಲುಗಳು ಸುತ್ತು ಹಾಕಿಕೊಂಡಿಲ್ಲವೆಂದು ಪರೀಕ್ಷಿಸಲು ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿ 15 ಸೆಕೆಂಡಿನಂತೆ ಎರಡು ಹಂತ, ಒಟ್ಟು 30 ಸೆಕೆಂಡ್, ಆ ದ್ವಾರದಲ್ಲಿ ಏನನ್ನೂ ಹಾಯಲು ಬಿಡುವುದಿಲ್ಲ. ಕಂಪ್ಯೂಟರಿನ ಮೊದಲ ಕೂಗುಗಳು ಅಲ್ಲೇ ಅಡಗಿಹೋಗುತ್ತವೆ.

ಡಿಎಚ್‌ಸಿಪಿ ರೂಪಿಸಿದವರಿಗೆ ಇದು ಹೊಳೆದಿರಲಿಲ್ಲವೇ? ಹೊಳೆದಿತ್ತು. ಯಂತ್ರಗಳು ಒಟ್ಟಿಗೆ ಎದ್ದು ಒಟ್ಟಿಗೆ ಕೂಗಬಾರದೆಂದು, ಆರಂಭದಲ್ಲಿ ಪ್ರತಿ ಯಂತ್ರವೂ 1ರಿಂದ 10 ಸೆಕೆಂಡಿನೊಳಗೆ ಯಾದೃಚ್ಛಿಕವಾಗಿ ಒಂದಿಷ್ಟು ಹೊತ್ತು ಕಾಯಬೇಕೆಂದು ಆರ್‌ಎಫ್‌ಸಿ 2131 ಹೇಳುತ್ತದೆ. ಉತ್ತರ ಬಾರದಿದ್ದರೆ 4 ಸೆಕೆಂಡ್ ಬಿಟ್ಟು, ಆಮೇಲೆ 8, 16, 32, ಹೀಗೆ 64 ಸೆಕೆಂಡಿನವರೆಗೆ ಅಂತರ ಹಿಗ್ಗಿಸುತ್ತ ಮತ್ತೆ ಕೇಳಬೇಕೆಂದೂ ಸೂಚಿಸುತ್ತದೆ. ಆದರೆ ಕಂಪ್ಯೂಟರ್ ಬೇಗ ಶುರುವಾಗಬೇಕೆಂಬ ಪೈಪೋಟಿಯಲ್ಲಿ ಕೆಲವು ತಂತ್ರಾಂಶಗಳು ಆರಂಭದ ಆ ಕಾಯುವಿಕೆಯನ್ನು ಕೈಬಿಟ್ಟವು. ಕರೆಂಟ್ ಹೋಗದ ಊರುಗಳಲ್ಲಿ ಅದರಿಂದ ನಷ್ಟವೇನೂ ಆಗಲಿಲ್ಲ. ನಮ್ಮಲ್ಲಿ ಆಗುತ್ತದೆ. ಆದ್ದರಿಂದ ಲಿನಕ್ಸಿನ ಕಾಯುವ ಅವಧಿಯನ್ನು ನಮ್ಮ ಮಳೆಗಾಲಕ್ಕೆ ಹೊಂದಿಸಿಕೊಳ್ಳಬೇಕಾದವರು ನಾವೇ.

ಹಾಗಾದರೆ ಸಂವಾದ ಎಲ್ಲಿ ಕಡಿಯಿತೆಂದು ತಿಳಿಯುವುದು ಹೇಗೆ? ಟರ್ಮಿನಲ್ ತೆರೆದು ಇಂಗ್ಲಿಷಿನಲ್ಲಿ ‘ಐಪಿ’ ಎಂದು ಬರೆದು, ಜಾಗ ಬಿಟ್ಟು ‘ಎ’ ಅಕ್ಷರ ಬರೆದು ಎಂಟರ್ ಒತ್ತಿದರೆ ಯಂತ್ರದ ವಿಳಾಸಗಳ ಪಟ್ಟಿ ಬರುತ್ತದೆ. ಅಲ್ಲಿ ‘ನೋ ಕ್ಯಾರಿಯರ್’ ಎಂದಿದ್ದರೆ ಸಂವಾದ ಶುರುವೇ ಆಗಿಲ್ಲ: ಎದುರಿನ ಸ್ವಿಚ್ ಅಥವಾ ರೌಟರ್ ಇನ್ನೂ ಎದ್ದಿಲ್ಲ, ಇಲ್ಲವೇ ಕೇಬಲ್, ಅದರ ತುದಿಯ ಪ್ಲಗ್ ಅಥವಾ ದ್ವಾರ ಕೆಟ್ಟಿದೆ. ಕಡಲಗಾಳಿಯ ಉಪ್ಪು, ತೇವ ಎರಡೂ ಇರುವ ನಮ್ಮಲ್ಲಿ ಪ್ಲಗ್ಗಿನ ಲೋಹದ ಎಳೆಗಳು ಬೇಗ ಕಿಲುಬು ಹಿಡಿಯುತ್ತವೆ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ನೆಟ್‌ವರ್ಕ್ ದ್ವಾರ ಸುಟ್ಟುಹೋಗುವುದೂ ಇದೆ. ಸಂಪರ್ಕ ಇದ್ದೂ ವಿಳಾಸದ ಜಾಗ ಖಾಲಿಯಿದ್ದರೆ, ಅಥವಾ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಕೂಗಿಗೆ ಉತ್ತರ ಬಂದಿಲ್ಲ ಎಂದರ್ಥ. ಯಾರೂ ಕೊಡದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು, ಅದರಿಂದ ಹೊರಜಗತ್ತಿಗೆ ದಾರಿಯಿಲ್ಲ. ‘ಎಫ್‌ಇ80’ ಎಂದು ಶುರುವಾಗುವ ಉದ್ದದ ಸಾಲನ್ನು ಕಂಡು ವಿಳಾಸ ಬಂತೆಂದು ತಿಳಿಯಬಾರದು. ಅದೂ ಯಂತ್ರ ತಾನೇ ಮಾಡಿಕೊಂಡದ್ದು. ವಿಳಾಸ ಬಂದಿದೆ, ಆದರೆ ಪಕ್ಕದ ಕಂಪ್ಯೂಟರಿನ ಸಾಲಿಗೆ ಸೇರದ ಬೇರೆಯೇ ಸಂಖ್ಯೆ ಎಂದಾದರೆ, ಒಂದೇ ಕಟ್ಟಡದಲ್ಲಿ ವಿಳಾಸ ಕೊಡುವವರು ಇಬ್ಬರಾಗಿದ್ದಾರೆ. ವೈಫೈ ಸಿಗ್ನಲ್ ಹೆಚ್ಚಿಸಲೆಂದು ತಂದ ಎರಡನೆಯ ರೌಟರಿನಲ್ಲಿ ಡಿಎಚ್‌ಸಿಪಿ ಆಫ್ ಮಾಡದೆ ಹಾಗೇ ಸ್ವಿಚ್ಚಿಗೆ ಚುಚ್ಚಿದಾಗ ಹೀಗಾಗುತ್ತದೆ. ಮೊದಲು ಉತ್ತರ ಕೊಟ್ಟವರ ವಿಳಾಸವೇ ಸಾಮಾನ್ಯವಾಗಿ ನಿಲ್ಲುವುದರಿಂದ, ಹೊಸ ರೌಟರ್ ಬೇಗ ಎದ್ದ ದಿನ ಒಂದು ಬಗೆ, ಹಳೆಯದು ಬೇಗ ಎದ್ದ ದಿನ ಇನ್ನೊಂದು ಬಗೆ. ಇಲ್ಲಿಯೂ ಆಟ ಸರದಿಯದೇ. ಇನ್ನು ವಿಳಾಸ ಸರಿಯಾಗಿಯೇ ಬಂದು ನೆಟ್ ಇಲ್ಲದಿದ್ದರೆ ಡಿಎಚ್‌ಸಿಪಿಯನ್ನು ಬಿಟ್ಟುಬಿಡಿ, ತೊಂದರೆ ಹೆಚ್ಚಾಗಿ ಹೊರಗಿನ ಲೈನಿನಲ್ಲಿರುತ್ತದೆ. ನೆಟ್ ಇದ್ದೂ ತಾಣಗಳು ಸುರಕ್ಷತೆಯ ಎಚ್ಚರಿಕೆ ತೋರಿಸುತ್ತಿದ್ದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತ ಹಳೆಯ ಯಂತ್ರಗಳು ಕರೆಂಟ್ ಹೋದಾಗ ತಾರೀಕನ್ನೇ ಮರೆಯುತ್ತವೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ಅದೇ ಕೋಣೆಯ ವಿಂಡೋಸ್ ಯಂತ್ರಕ್ಕೆ ನೆಟ್ ಬಂದಿದೆಯಲ್ಲ, ಹಾಗಾದರೆ ತಪ್ಪು ಲಿನಕ್ಸಿನದೇ ಅಲ್ಲವೇ? ವಿಂಡೋಸ್ ಕೂಡ ಉತ್ತರ ಸಿಗದಿದ್ದರೆ 169.254ರ ವಿಳಾಸವನ್ನೇ ಇಟ್ಟುಕೊಂಡು, ಕೆಲವು ನಿಮಿಷಗಳಿಗೊಮ್ಮೆ ಮತ್ತೆ ಕೇಳುತ್ತದೆ. ಎರಡರ ತಾಳ್ಮೆಯ ಲೆಕ್ಕ ಬೇರೆ, ಅಷ್ಟೇ. ಹಾಗಾಗಿ ಒಂದು ದಿನ ಇದು ಮುಂದೆ, ಇನ್ನೊಂದು ದಿನ ಅದು ಮುಂದೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮನೆ, ಅಂಗಡಿಗಳಲ್ಲಿರುವ ರೌಟರುಗಳಲ್ಲಿ ಬಹಳಷ್ಟು ಒಳಗೆ ನಡೆಸುವುದು ಲಿನಕ್ಸನ್ನೇ. ಸೈಮನ್ ಕೆಲ್ಲಿ ಬರೆದ ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ತಂತ್ರಾಂಶ ಅಂಥ ಎಷ್ಟೋ ರೌಟರುಗಳಲ್ಲಿ ವಿಳಾಸ ಹಂಚುತ್ತದೆ. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್. ವೈಫೈ ಸಿಕ್ಕಲ್ಲೆಲ್ಲ ಅದು ಇದೇ ನಾಲ್ಕು ಮಾತು ಆಡಿ ವಿಳಾಸ ಪಡೆಯುತ್ತದೆ. ವಿಂಡೋಸ್ ಯಂತ್ರಕ್ಕೆ ಬಂದ ವಿಳಾಸವೂ ಬಹುಮಟ್ಟಿಗೆ ಒಂದು ಲಿನಕ್ಸ್ ಯಂತ್ರವೇ ಕೊಟ್ಟದ್ದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೇಳುವ ಗೋಜೇ ಬೇಡ, ವಿಳಾಸವನ್ನು ಯಂತ್ರದಲ್ಲೇ ಖಾಯಂ ಬರೆದುಬಿಡೋಣ ಎನ್ನುವವರಿದ್ದಾರೆ. ರಿಪೇರಿಗೆ ಬಂದವರು ಹೆಚ್ಚಾಗಿ ಮಾಡುವುದೂ ಇದನ್ನೇ, ಅಂದಿನ ಮಟ್ಟಿಗೆ ಕೆಲಸ ಆಗಿಯೇ ಆಗುತ್ತದೆ. ಆದರೆ ರೌಟರಿಗೆ ಆ ಸುದ್ದಿ ಗೊತ್ತಿರುವುದಿಲ್ಲ. ಅದೇ ಸಂಖ್ಯೆ ಹಂಚುವ ಪಟ್ಟಿಯಲ್ಲಿದ್ದರೆ ಇನ್ನೊಂದು ಫೋನಿಗೋ ಲ್ಯಾಪ್‌ಟಾಪಿಗೋ ಅದನ್ನು ಕೊಟ್ಟುಬಿಡಬಹುದು. ಒಂದೇ ವಿಳಾಸಕ್ಕೆ ಇಬ್ಬರಾದಾಗ ಎರಡೂ ಯಂತ್ರಗಳಲ್ಲಿ ನೆಟ್ ಬಿಟ್ಟು ಬಿಟ್ಟು ಬರುತ್ತದೆ, ಆ ದೋಷವನ್ನು ಪತ್ತೆ ಮಾಡುವುದು ಮೊದಲಿನದಕ್ಕಿಂತ ಕಷ್ಟ. ವಿಳಾಸ ಹಂಚಿದ ಲೆಕ್ಕವನ್ನು ಬರೇ ನೆನಪಿನಲ್ಲಿ ಇಟ್ಟುಕೊಂಡು, ಕರೆಂಟ್ ಹೋದಾಗ ಮರೆಯುವ ರೌಟರುಗಳೂ ಇವೆ. ಯುಪಿಎಸ್ಸಿನ ಬಲದಲ್ಲಿ ಎಚ್ಚರವಾಗಿಯೇ ಉಳಿದ ಕಂಪ್ಯೂಟರಿಗೆ ಅಲ್ಲಿಯೂ ಇದೇ ಅಪಾಯ. ಆರು ತಿಂಗಳ ನಂತರ ರೌಟರ್ ಬದಲಾಗಿ ಸಂಖ್ಯೆಯ ಸಾಲೇ ಬೇರೆಯಾದರೆ, ಕೈಯಾರೆ ಬರೆದ ಯಂತ್ರಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಬರೆದವರ ಹೆಸರೂ ಆಗ ಯಾರಿಗೂ ನೆನಪಿರುವುದಿಲ್ಲ. ಪ್ರಿಂಟರ್, ಹಾಜರಾತಿ ಯಂತ್ರ, ಸರ್ವರ್‌ಗಳಿಗೆ ಬದಲಾಗದ ವಿಳಾಸ ಬೇಕೇ ಬೇಕು, ನಿಜ. ಅದಕ್ಕೆ ದಾರಿ ರೌಟರಿನಲ್ಲೇ ಇದೆ: ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ಸಂಖ್ಯೆಯನ್ನು ದಾಖಲಿಸಿ ಇಂಥ ವಿಳಾಸ ಇದಕ್ಕೇ ಎಂದು ಕಾಯ್ದಿರಿಸುವುದು. ಇದನ್ನು ಮೂಲಗೇಣಿ ಎನ್ನಬಹುದು. ಹಕ್ಕು ಖಾಯಂ, ಆದರೆ ದಾಖಲೆ ಒಡೆಯನ ಪುಸ್ತಕದಲ್ಲೇ ಇರುತ್ತದೆ.

ಹೀಗೆಂದ ಮಾತ್ರಕ್ಕೆ ಲಿನಕ್ಸಿನ ಕಡೆ ತಪ್ಪೇ ಇಲ್ಲ ಎಂದಲ್ಲ. ಲ್ಯಾಬಿಗೆ ಒಂದು ಡಿಸ್ಕ್ ಸಿದ್ಧಪಡಿಸಿ ಅದರ ನಕಲನ್ನು ಇಪ್ಪತ್ತು ಯಂತ್ರಗಳಿಗೆ ಹಾಕುವ ರೂಢಿಯಿದೆ. ಆಗ ಪ್ರತಿ ಲಿನಕ್ಸಿಗೂ ಬೇರೆಯಾಗಿರಬೇಕಾದ ‘ಮಷೀನ್ ಐಡಿ’ ಎಲ್ಲದರಲ್ಲೂ ಒಂದೇ ಆಗುತ್ತದೆ. ಲಿನಕ್ಸಿನ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿಯ ನೆಟ್‌ವರ್ಕ್ ತಂತ್ರಾಂಶ ಬಳಸುವ ಆವೃತ್ತಿಗಳು ಆ ಗುರುತನ್ನೇ ಹೇಳಿ ವಿಳಾಸ ಕೇಳುವುದರಿಂದ, ರೌಟರ್ ಇಪ್ಪತ್ತನ್ನೂ ಒಂದೇ ಯಂತ್ರವೆಂದು ತಿಳಿದು ಒಂದೇ ವಿಳಾಸ ಕೊಟ್ಟುಬಿಡಬಹುದು. ನಕಲು ಮಾಡುವ ಮುನ್ನ ಆ ಗುರುತನ್ನು ಅಳಿಸಿದರೆ ಪ್ರತಿ ಯಂತ್ರವೂ ಮೊದಲ ಸಲ ಶುರುವಾಗುವಾಗ ಹೊಸದನ್ನು ಮಾಡಿಕೊಳ್ಳುತ್ತದೆ. ಇನ್ನೊಂದು, ದ್ವಾರಗಳ ಹೆಸರು. 2013ರಲ್ಲಿ ಸಿಸ್ಟಮ್‌ಡಿ ತಂದ ಪದ್ಧತಿಯಲ್ಲಿ ‘ಇಟಿಎಚ್0’ ಎಂಬ ಹಳೆಯ ಹೆಸರಿನ ಬದಲು, ಕಾರ್ಡು ಕೂತ ಜಾಗಕ್ಕೆ ತಕ್ಕ ಹೆಸರು ಬರುತ್ತದೆ. ಕಾರ್ಡನ್ನು ಬೇರೆ ಜಾಗಕ್ಕೆ ಹಾಕಿದಾಗ ಹೆಸರು ಬದಲಾಗಿ, ಹಳೆಯ ಹೆಸರಿಗೆ ಬರೆದ ಸೂಚನೆ ಕೆಲಸಕ್ಕೆ ಬರುವುದಿಲ್ಲ. ವೈಫೈಯಲ್ಲಿ ಪಾಸ್‌ವರ್ಡ್ ಒಬ್ಬ ಬಳಕೆದಾರರ ಖಾತೆಯಲ್ಲಿ ಮಾತ್ರ ಉಳಿದಿದ್ದರೆ, ಅವರು ಲಾಗಿನ್ ಆಗುವವರೆಗೆ ಯಂತ್ರ ನೆಟ್‌ವರ್ಕಿಗೆ ಸೇರುವುದಿಲ್ಲ. ‘ಎಲ್ಲ ಬಳಕೆದಾರರಿಗೂ’ ಎಂಬ ಆಯ್ಕೆ ಒತ್ತಿದರೆ ಸರಿಹೋಗುತ್ತದೆ. ಸರ್ವರ್ ಆವೃತ್ತಿಗಳಲ್ಲಿ ವಿಳಾಸಕ್ಕಾಗಿ 2 ನಿಮಿಷದವರೆಗೆ ಪರದೆ ನಿಂತೇ ಬಿಡುವುದುಂಟು. ಯಂತ್ರ ಸತ್ತಿತೆಂದು ಪವರ್ ಗುಂಡಿ ಒತ್ತಿ ಹಿಡಿದರೆ ಡಿಸ್ಕಿಗೆ ಪೆಟ್ಟಾದೀತು. ಹಳೆಯ ಸಲಹೆಗಳ ಬಗ್ಗೆಯೂ ಎಚ್ಚರ ಬೇಕು. ವಿಳಾಸ ಕೇಳಲು ಬಹಳ ಕಾಲ ಬಳಕೆಯಲ್ಲಿದ್ದ ಡಿಎಚ್‌ಕ್ಲೈಂಟ್ ತಂತ್ರಾಂಶದ ನಿರ್ವಹಣೆಯನ್ನು ಅದರ ಸಂಸ್ಥೆ ಐಎಸ್‌ಸಿ 2022ರಲ್ಲಿ ನಿಲ್ಲಿಸಿದೆ, ಉಬುಂಟು 2017ರ 17.10 ಆವೃತ್ತಿಯಿಂದಲೇ ನೆಟ್‌ಪ್ಲಾನ್ ಎಂಬ ಬೇರೆ ವಿಧಾನಕ್ಕೆ ಹೋಗಿದೆ. ಹತ್ತು ವರ್ಷ ಹಿಂದಿನ ಪುಸ್ತಕ ನೋಡಿ ಬರೆದ ಸೂಚನೆಯನ್ನು ಈಗಿನ ಯಂತ್ರ ಓದದೆಯೂ ಇರಬಹುದು.

ಇದನ್ನೆಲ್ಲ ಸಾಮಾನ್ಯರು ಯಾಕೆ ತಿಳಿಯಬೇಕು, ತಂತ್ರಜ್ಞರು ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಂದಾಪುರ ಪೇಟೆಯಿಂದ ಕೊಲ್ಲೂರಿಗೋ ಅಮಾಸೆಬೈಲಿಗೋ ಮಳೆಯಲ್ಲಿ ಬೈಕ್ ಹತ್ತಿ ಬರುವವರ ದಿನ ಮತ್ತು ದುಡ್ಡಿನ ಲೆಕ್ಕ ಹಾಕಿ ನೋಡಿ. ‘ನೆಟ್ ಇಲ್ಲ’ ಎಂದಷ್ಟೇ ಫೋನಿನಲ್ಲಿ ಹೇಳಿದರೆ ಅವರು ಬರಲೇಬೇಕು. ‘ಸ್ವಿಚ್ಚಿನ ದೀಪ ಉರಿಯುತ್ತಿದೆ, 169.254 ತೋರಿಸುತ್ತಿದೆ’ ಎಂದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಇಷ್ಟು ಹೇಳುವುದು ಹೈಸ್ಕೂಲು ಮಕ್ಕಳಿಗೂ ಸಾಧ್ಯ. ನಮ್ಮ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಕೇರಳದ ಸರಕಾರಿ ಶಾಲೆಗಳ ಲ್ಯಾಬುಗಳು ನಡೆಯುವುದು ಅಲ್ಲಿನ ಸರಕಾರದ ಕೈಟ್ ಸಂಸ್ಥೆ ಉಬುಂಟುವಿನ ಆಧಾರದಲ್ಲಿ ಸಿದ್ಧಪಡಿಸಿದ ಲಿನಕ್ಸಿನಲ್ಲಿ. ಅಲ್ಲಿಯೂ ಇದೇ ಕಡಲು, ಇದೇ ಮಳೆ. ಪರವಾನಗಿಗೆ ದುಡ್ಡು ಕೊಡಬೇಕಿಲ್ಲದ, ಕನ್ನಡ ಚೆನ್ನಾಗಿ ಬರೆಯಬಲ್ಲ ಒಂದು ವ್ಯವಸ್ಥೆಯನ್ನು, ಅದು ಮಾಡದ ತಪ್ಪಿಗೆ ನಮ್ಮ ಶಾಲೆಗಳು ಕಳೆದುಕೊಳ್ಳಬಾರದು.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಕಂಪ್ಯೂಟರಿಗೆ ದೊಡ್ಡ ಯುಪಿಎಸ್ ತರುವ ಮುಂಚೆ ರೌಟರ್, ಫೈಬರ್ ಬಾಕ್ಸ್, ಸ್ವಿಚ್ ಮೂರಕ್ಕೂ ಒಂದು ಸಣ್ಣ ಯುಪಿಎಸ್ ಕೊಡಿ. ಕರೆಂಟ್ ಹೋಗಿ ಬಂದರೂ ವಿಳಾಸ ಕೊಡುವ ಯಂತ್ರ ಎಚ್ಚರವಾಗಿಯೇ ಇರುತ್ತದೆ. ಅದು ಆಗದಿದ್ದರೆ ಕರೆಂಟ್ ಬಂದ ಮೇಲೆ ಮೊದಲು ರೌಟರ್, ಐದು ನಿಮಿಷ ಬಿಟ್ಟು ಕಂಪ್ಯೂಟರ್ ಎಂಬ ಕ್ರಮ ಇಟ್ಟುಕೊಳ್ಳಿ. ಈಗಾಗಲೇ ಎದ್ದು ಸುಮ್ಮನಾದ ಯಂತ್ರವನ್ನು ಮತ್ತೆ ಶುರು ಮಾಡಬೇಕಿಲ್ಲ. ಪರದೆಯ ಮೂಲೆಯ ನೆಟ್‌ವರ್ಕ್ ಚಿಹ್ನೆಯಲ್ಲಿ ಸಂಪರ್ಕ ಆಫ್ ಮಾಡಿ ಆನ್ ಮಾಡಿದರೆ ಹೊಸದಾಗಿ ಕೇಳುತ್ತದೆ. ಲ್ಯಾಬ್ ನೋಡಿಕೊಳ್ಳುವವರು ‘ಎನ್‌ಎಂಸಿಎಲ್‌ಐ’ ಆದೇಶದಿಂದ ಡಿಎಚ್‌ಸಿಪಿ ಕಾಯುವ ಅವಧಿಯನ್ನು 45 ಸೆಕೆಂಡಿನಿಂದ ಅನಿಯಮಿತಕ್ಕೆ ಬದಲಿಸಬಹುದು. ಆಮೇಲೆ ಯಂತ್ರ ಉತ್ತರ ಸಿಗುವವರೆಗೂ ಕೇಳುತ್ತಲೇ ಇರುತ್ತದೆ. ಮೇ ತಿಂಗಳು ಮುಗಿಯುವ ಮೊದಲು ಇದನ್ನು ಮಾಡಿಬಿಡಿ. ಯಾವ ವಿಳಾಸ ಯಾವ ಯಂತ್ರಕ್ಕೆ ಕಾಯ್ದಿರಿಸಿದೆ ಎಂಬ ಪಟ್ಟಿಯನ್ನು ಬರೆದು ರೌಟರಿನ ಪಕ್ಕದ ಗೋಡೆಗೆ ಅಂಟಿಸಿ. ಇಷ್ಟಾದ ಮೇಲೂ ವಿಳಾಸ ಬಾರದಿದ್ದರೆ ತಂತ್ರಜ್ಞರಿಗೆ ಫೋನ್ ಮಾಡಿ, ಪರದೆಯಲ್ಲಿ ಕಂಡದ್ದನ್ನು ಇದ್ದಂತೆಯೇ ಓದಿ ಹೇಳಿ.